ನಾಲೆಗೆ ನೀರು ಬಂತು, ದಾಳಿಂಬೆ ಒಡೆಯಿತು

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನವನು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ ನಮಗೆ ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ. ಮೊದಲು ಭತ್ತ, ಕಬ್ಬು ಬೆಳೆಯುತ್ತಿದ್ದೆವು. ನಾಲ್ಕು ವರ್ಷದ ಹಿಂದೆ ನಾನು ಹಟ ಹಿಡಿದು ಭಗ್ವಾ ದಾಳಿಂಬೆ ಹಾಕಿದೆ. ಬೋರಿಗೆ ಡ್ರಿಪ್ ಮಾಡಿಸಿದ್ದೇನೆ. ಈ ಸಲ ಅಂಬೆ ಬಹಾರದಲ್ಲಿ (ವರ್ಷದ ಮೊದಲ ಹೂವಿನ ಹಂಗಾಮಿನಲ್ಲಿ) ಕಾಯಿ ಚೆನ್ನಾಗಿ ಕಚ್ಚಿತ್ತು. ಮೇ ತಿಂಗಳಲ್ಲಿ ಬೋರು ಇಳಿಯಿತು. ಮೂರು ದಿನಕ್ಕೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ ನೀರು ಕೊಟ್ಟು ಹೇಗೋ ಗಿಡ ಉಳಿಸಿಕೊಂಡೆ. ಜುಲೈ ಕೊನೆಗೆ ನಾಲೆಗೆ ನೀರು ಬಿಟ್ಟರು. ‘ಬಂದ ನೀರನ್ನ ಬಿಡಬಾರದು ಕಣಪ್ಪ’ ಎಂದು ಅಪ್ಪ ಹೇಳಿದರು. ಎರಡು ದಿನ ತೋಟಕ್ಕೆ ಹಾಯಿಸಿದೆ. ವಾರ ಕಳೆಯುವುದರೊಳಗೆ ಕೊಯ್ಲಿಗೆ ಬಂದಿದ್ದ ಹಣ್ಣುಗಳು ಬಾಯಿ ಬಿಡತೊಡಗಿದವು. ಗೊಬ್ಬರದ ಅಂಗಡಿಯವರು ಬೋರಾನ್ ಕೊರತೆ ಎಂದು ಸ್ಪ್ರೇ ಕೊಟ್ಟರು, ಪ್ರಯೋಜನ ಆಗಲಿಲ್ಲ. ಈಗ ನೀರು ಪೂರ್ತಿ ನಿಲ್ಲಿಸಿದ್ದೇನೆ. ಗಿಡದಲ್ಲಿ ಇನ್ನೂ ಅರ್ಧದಷ್ಟು ಹಣ್ಣಿದೆ. ‘ಕಿತ್ತು ಹಾಕಿ ಕಬ್ಬು ನೆಡು’ ಎನ್ನುತ್ತಿದ್ದಾರೆ ಅಪ್ಪ. ಹೆಂಡತಿ ಇನ್ನೊಂದು ವರ್ಷ ನೋಡೋಣ ಎನ್ನುತ್ತಾಳೆ. ಸಾಲ ಇದೆ. ಏನು ಮಾಡಲಿ?
— ಒಬ್ಬ ರೈತ, ಮಳವಳ್ಳಿ ತಾಲ್ಲೂಕು

ಉತ್ತರ: ಮೊದಲು ಒಂದು ಮಾತು. ಮಣ್ಣು ಇನ್ನೂ ಒದ್ದೆಯಾಗಿಲ್ಲದಿದ್ದರೆ, ನಿಲ್ಲಿಸಿದ ನೀರನ್ನು ಇವತ್ತು ಸಂಜೆಯೇ ಮತ್ತೆ ಶುರು ಮಾಡಿ, ಆದರೆ ಸ್ವಲ್ಪವೇ. ಹೇಗೆ ಎಂಬುದನ್ನು ಮುಂದೆ ಬರೆದಿದ್ದೇನೆ. ಉಳಿದ ಅರ್ಧ ಹಣ್ಣು ಉಳಿಯುವುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಗಿಡ ಕೀಳುವ ತೀರ್ಮಾನವನ್ನು ಈ ಸಂಕಟದ ವಾರದಲ್ಲಿ ತೆಗೆದುಕೊಳ್ಳಬೇಡಿ. ನೀವು ಬರೆದಿರುವುದನ್ನು ನೋಡಿದರೆ ಗಿಡಕ್ಕೆ ರೋಗವಿಲ್ಲ, ತಳಿಯಲ್ಲೂ ದೋಷವಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಒಣಗಿದ ಬೇರಿಗೆ ಎರಡೇ ದಿನದಲ್ಲಿ ನೀರು ತುಂಬಿದ್ದೇ ಹಣ್ಣು ಒಡೆಯಲು ಕಾರಣ. ಇದನ್ನು ಸರಿಪಡಿಸಬಹುದು.

ಹಣ್ಣು ಯಾಕೆ ಒಡೆಯುತ್ತದೆ

ದಾಳಿಂಬೆಯ ಸಿಪ್ಪೆ ಮತ್ತು ಒಳಗಿನ ಕಾಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹಣ್ಣು ಬಲಿಯುತ್ತ ಬಂದಂತೆ ಸಿಪ್ಪೆಯ ಬೆಳವಣಿಗೆ ನಿಧಾನವಾಗುತ್ತದೆ, ಕಾಳು ಮಾತ್ರ ರಸ ತುಂಬಿಕೊಳ್ಳುತ್ತ ಹೋಗುತ್ತದೆ. ಮಣ್ಣಿನಲ್ಲಿ ಹದ ಒಂದೇ ಸಮನಾಗಿದ್ದರೆ ಸಿಪ್ಪೆ ಮೃದುವಾಗಿದ್ದು ಒಳಗಿನ ಒತ್ತಡಕ್ಕೆ ತಕ್ಕಂತೆ ಹಿಗ್ಗುತ್ತದೆ. ಹಲವು ದಿನ ಬೇರು ಒಣಗಿದರೆ ಸಿಪ್ಪೆ ಬಿಗಿಯುತ್ತದೆ, ಒಣಗಿದ ತೊಗಲಿನಂತೆ ಎಳೆತ ಕಳೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಬೇರಿಗೆ ಏಕಾಏಕಿ ನೀರು ಸಿಕ್ಕರೆ ಗಿಡ ಹೀರಿದ್ದೆಲ್ಲ ಕಾಳಿಗೆ ನುಗ್ಗುತ್ತದೆ. ಕಾಳು ಉಬ್ಬುತ್ತದೆ, ಸಿಪ್ಪೆ ಹಿಗ್ಗಲಾಗದೆ ಬಿರಿಯುತ್ತದೆ. ಹಗಲು ಸುಡುಬಿಸಿಲು, ರಾತ್ರಿ ತಂಪು, ನಡುವೆ ಒಂದು ಜೋರು ಮಳೆ ಸೇರಿದರೆ ಒಡೆತ ಇನ್ನೂ ಹೆಚ್ಚು.

ಹಾಗಾಗಿ ‘ನೀರು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಮೇ ತಿಂಗಳಲ್ಲಿ ಕಡಿಮೆಯಾಯಿತು, ಜುಲೈಯಲ್ಲಿ ಜಾಸ್ತಿಯಾಯಿತು. ಹಾನಿ ಮಾಡಿದ್ದು ಆ ಎರಡರ ನಡುವಿನ ಏರಿಳಿತ. ದಾಳಿಂಬೆ ಒಣಭೂಮಿಯ ಗಿಡ, ನೀರಿಲ್ಲದಿದ್ದರೂ ತಡೆದುಕೊಳ್ಳುತ್ತದೆ ಎಂಬ ಮಾತನ್ನು ನಂಬಿ ಮೋಸ ಹೋದವರು ಬಹಳ. ಗಿಡ ತಡೆದುಕೊಳ್ಳುತ್ತದೆ ನಿಜ, ಹಣ್ಣು ತಡೆದುಕೊಳ್ಳುವುದಿಲ್ಲ. ಗಿಡಕ್ಕೆ ಬೇಕೆಂದೇ ನೀರು ನಿಲ್ಲಿಸಬೇಕಾದ ಕಾಲ ಒಂದೇ: ಬಹಾರ ಹಿಡಿಯುವ ಮುಂಚೆ, ಹೂವಿಗಾಗಿ ಗಿಡವನ್ನು ಬಾಡಿಸುವ ಒಂದು, ಒಂದೂವರೆ ತಿಂಗಳು. ಕಾಯಿ ಕಚ್ಚಿದ ಮೇಲೆ ಕೊಯ್ಲಿನವರೆಗೆ ಹದ ತಪ್ಪಬಾರದು.

ನಿಮ್ಮ ತಂದೆಯವರ ಮಾತು

‘ಬಂದ ನೀರನ್ನು ಬಿಡಬಾರದು’ ಎಂದ ನಿಮ್ಮ ತಂದೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಮುಗಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ರೈತರ ಬದುಕನ್ನೇ ಬದಲಿಸಿದ್ದು ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಈ ವಿಶ್ವೇಶ್ವರಯ್ಯ ನಾಲೆ. ಆದರೆ ಕೊನೆ ಭಾಗದವರ ಪಾಡು ಬೇರೆ. ಮೇಲಿನವರ ಗದ್ದೆ ತುಂಬಿ ನೀರು ಇವರಲ್ಲಿಗೆ ಬರುವಷ್ಟರಲ್ಲಿ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆ ನಿಲ್ಲುವ ದಿನ ಬಂದಿರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದೆ ಹೋದಾಗ ನಾಲೆ ನೀರಿಗಾಗಿ ಜಿಲ್ಲೆಯ ರೈತರು ಬೀದಿಗಿಳಿದದ್ದನ್ನು ನೀವೇ ಕಂಡಿದ್ದೀರಿ. ಹೀಗೆ ಕಾದು ಬದುಕಿದವರಿಗೆ ತೂಬಿನಲ್ಲಿ ನೀರು ಕಂಡಾಗ ಗದ್ದೆ ತುಂಬಿಸಿಕೊಳ್ಳಬೇಕು ಅನ್ನಿಸುವುದು ಸಹಜ. ಭತ್ತಕ್ಕೆ ಅದೇ ಸರಿ. ಕಬ್ಬೂ ತಡೆದುಕೊಳ್ಳುತ್ತದೆ. ದಾಳಿಂಬೆ ಮಾತ್ರ ತಡೆಯುವುದಿಲ್ಲ.

ಆದ್ದರಿಂದ ಅವರ ಮಾತನ್ನು ತಳ್ಳಿಹಾಕಬೇಡಿ, ಅದನ್ನೇ ಬೇರೆ ರೀತಿಯಲ್ಲಿ ನಡೆಸಿ. ಬಂದ ನೀರನ್ನು ಬಿಡಬೇಡಿ, ಹಿಡಿದಿಡಿ. ಹಿಡಿದಿಟ್ಟ ನೀರನ್ನು ತೋಟಕ್ಕೆ ಹಾಯಿಸದೆ ಡ್ರಿಪ್ಪಿನಲ್ಲಿ ಹನಿಹನಿಯಾಗಿ ಕೊಡಿ. ನಾಲೆ ಬಯಲಿನಲ್ಲಿ ದಾಳಿಂಬೆ ಬೆಳೆಯುವವರೆಲ್ಲರಿಗೂ ನಾನು ಹೇಳಬೇಕೆಂದಿರುವುದು ಇದೊಂದೇ.

ಒಡೆತ ಎಲ್ಲವೂ ನೀರಿನದಲ್ಲ

ಔಷಧಿಗೆ ಇನ್ನೂ ದುಡ್ಡು ಸುರಿಯುವ ಮುಂಚೆ ತೋಟದಲ್ಲಿ ಸಾಲುಸಾಲಾಗಿ ನಡೆದು ನೋಡಿ. ಒಡೆದ ಹಣ್ಣೇ ಕಾರಣ ಹೇಳುತ್ತದೆ.

ನಿಂಬೆ ಗಾತ್ರದ ಎಳೆಕಾಯಿ ಬಿರಿದರೆ ಬೋರಾನ್ ಕೊರತೆಯನ್ನು ಶಂಕಿಸಿ. ಬಲಿತ ಹಣ್ಣು, ಸಿಪ್ಪೆ ನುಣುಪಾಗಿಯೇ ಇದ್ದು, ಉದ್ದಕ್ಕೆ ಸೀಳಿ ಕಾಳು ಕಂಡರೆ, ಅದೂ ನೀರು ಕೊಟ್ಟ ಅಥವಾ ಮಳೆ ಬಂದ ಕೆಲವೇ ದಿನಗಳಲ್ಲಿ ಅನೇಕ ಗಿಡಗಳಲ್ಲಿ ಒಟ್ಟಿಗೆ ಆದರೆ, ಅದು ನೀರಿನ ಏರಿಳಿತ. ಪಡುವಣ ಬಿಸಿಲು ಬೀಳುವ ಕಡೆ ಕಂದು ಮಚ್ಚೆಯಾಗಿ ಅಲ್ಲಿಂದಲೇ ಬಿರಿದರೆ ಬಿಸಿಲು ಸುಟ್ಟಿದ್ದು. ಸಿಪ್ಪೆಯ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ ಬಂದು ಅದರ ನಡುವೆ ನಕ್ಷತ್ರದ ಹಾಗೆ ಸೀಳಿದರೆ, ಎಲೆಯಲ್ಲೂ ಅದೇ ಚುಕ್ಕೆ ಇದ್ದರೆ, ಅದು ದುಂಡಾಣು ಅಂಗಮಾರಿ. ಕೊಪ್ಪಳ, ಬಾಗಲಕೋಟೆ ಕಡೆ ಎಷ್ಟೋ ತೋಟಗಳನ್ನು ಕೀಳಿಸಿದ ರೋಗ ಅದು. ಅಂಥ ಹಣ್ಣು ಒಂದೇ ಒಂದು ಕಂಡರೂ ಕೂಡಲೇ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆಯೇ ಬೇರೆ.

ನೀವು ಹೇಳಿರುವ ಲಕ್ಷಣ ಎರಡನೆಯದು. ಬೋರಾನ್ ಸ್ಪ್ರೇ ಫಲ ಕೊಡದಿದ್ದುದಕ್ಕೆ ಕಾರಣ ಇದೇ. ಬೋರಾನ್ ಮತ್ತು ಸುಣ್ಣದಂಶ ಸಿಪ್ಪೆಯ ಕೋಶಗಳನ್ನು ಗಟ್ಟಿಯಾಗಿ ಬೆಸೆಯುತ್ತವೆ, ಆದರೆ ಆ ಕೆಲಸ ಆಗುವುದು ಹೂ ಮತ್ತು ಎಳೆಕಾಯಿಯ ಹಂತದಲ್ಲಿ. ಕೊಯ್ಲಿಗೆ ಬಂದ ಹಣ್ಣಿಗೆ ಹೊಡೆದರೆ ಸಿಪ್ಪೆ ಮೃದುವಾಗುವುದಿಲ್ಲ. ಮುಂದಿನ ಬಹಾರಕ್ಕೆ ಮುಂಚೆ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ನೀವೇ ಹೋಗಿ ವಿಜ್ಞಾನಿಗಳೊಂದಿಗೆ ಮಾತಾಡಿ. ಕೊರತೆ ಕಂಡುಬಂದರೆ ಎಳೆಕಾಯಿ ಹಂತದಲ್ಲಿ ಲೀಟರಿಗೆ 2 ಗ್ರಾಂ ಬೋರಿಕ್ ಆಮ್ಲದ ಸಿಂಪಡಣೆ ಸಾಕಾಗುತ್ತದೆ. ಸುಣ್ಣದಂಶದ ಜೊತೆ ಒಂದೇ ಟ್ಯಾಂಕಿಗೆ ಬೆರೆಸಬೇಡಿ, ಬೇರೆ ದಿನ ಹೊಡೆಯಿರಿ. ಪರೀಕ್ಷೆ ಇಲ್ಲದೆ ಮೇಲಿಂದ ಮೇಲೆ ಕೊಡಬೇಡಿ, ಬೋರಾನ್ ಹೆಚ್ಚಾದರೆ ಅದೇ ವಿಷ.

ಈ ವಾರ ಮಾಡಬೇಕಾದ ಕೆಲಸ

ಒಡೆದ ಹಣ್ಣನ್ನೆಲ್ಲ ಮೊದಲು ಕೊಯ್ದು ತೋಟದಿಂದ ಹೊರಗೆ ಹಾಕಿ. ಗಿಡದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ರಸ ಹೀರುವ ಪತಂಗ ಬರುತ್ತದೆ, ಒಳ್ಳೆಯ ಹಣ್ಣಿಗೂ ಕಂಟಕ. ಅಂದೇ ಒಡೆದು, ಒಳಗೆ ಶುದ್ಧವಾಗಿರುವುದನ್ನು ಅಂದೇ ಜ್ಯೂಸ್ ಅಂಗಡಿಗಳಿಗೆ ಕೊಡಬಹುದು. ಬೂಷ್ಟು ಕಂಡಿದ್ದನ್ನು ಹೂತುಬಿಡಿ.

ಆಮೇಲೆ ಬಲಿತ ಹಣ್ಣನ್ನು ಆರಿಸಿ ಕೊಯ್ಯಿರಿ. ಭಗ್ವಾ ಹೂವಿನಿಂದ ಕೊಯ್ಲಿಗೆ ಬರಲು ಹೆಚ್ಚುಕಡಿಮೆ ಆರು ತಿಂಗಳು. ಬಣ್ಣ ಪೂರ್ತಿ ಬಂದು, ತುದಿಯ ಕಿರೀಟ ಮುಚ್ಚಿಕೊಂಡು, ಪಕ್ಕಗಳು ಸ್ವಲ್ಪ ಚಪ್ಪಟೆಯಾಗಿ, ಬೆರಳಲ್ಲಿ ತಟ್ಟಿದರೆ ಟಣ್ ಎಂದರೆ ಹಣ್ಣು ಸಿದ್ಧ. ರೇಟು ಏರಲಿ ಎಂದು ಅಂಥ ಹಣ್ಣನ್ನು ಗಿಡದಲ್ಲಿ ಕಾಯಿಸಬೇಡಿ. ಮಾಗಿ ಹೆಚ್ಚಾದ ಹಣ್ಣು ನೀರು ಸರಿಯಾಗಿದ್ದರೂ ಒಡೆಯುತ್ತದೆ.

ಈಗ ನೀರು. ಒಡೆಯುತ್ತದೆಂದು ಹೆದರಿ ಪೂರ್ತಿ ನಿಲ್ಲಿಸಿದ್ದೀರಿ. ಹೀಗೆ ಬಿಟ್ಟರೆ ಮಣ್ಣು ಮತ್ತೆ ಒಣಗುತ್ತದೆ, ಮುಂದೆ ಬರುವ ಮೊದಲ ಮಳೆಗೆ ಉಳಿದ ಹಣ್ಣೂ ಬಿರಿಯುತ್ತದೆ. ಡ್ರಿಪ್ಪರಿನ ಪಕ್ಕ ಮುಕ್ಕಾಲು ಅಡಿ ಅಗೆದು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ. ಅಂಗೈ ಒದ್ದೆಯಾಗಿ ಮಣ್ಣು ಅಂಟಿದರೆ ಇನ್ನೂ ಹೆಚ್ಚಿದೆ, ಒಂದೆರಡು ದಿನ ಕಾಯಿರಿ. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದಾಗ ಒಡೆದರೆ ಹದ ಸರಿಯಿದೆ, ದಿನದ ಅಳತೆ (ಲೆಕ್ಕ ಮುಂದಿದೆ) ಕೊಡುತ್ತ ಹೋಗಿ. ಉಂಡೆಯೇ ಕಟ್ಟದೆ ಪುಡಿಯಾದರೆ ಒಣಗಿದೆ. ಆಗ ಗಿಡಕ್ಕೆ ಮೊದಲ ದಿನ 5 ಲೀಟರಿನಷ್ಟು ಕೊಟ್ಟು, ದಿನದಿನಕ್ಕೆ ಏರಿಸುತ್ತ, ಒಂದು ವಾರದಲ್ಲಿ ಪೂರ್ತಿ ಅಳತೆಗೆ ಬನ್ನಿ. ಬೆಳಗಿನ ಜಾವ ಅಥವಾ ಸಂಜೆ ಕೊಡಿ. ಈ ಹೊತ್ತಿನಲ್ಲಿ ಯೂರಿಯಾ ಬೇಡವೇ ಬೇಡ.

ಎಷ್ಟು ನೀರು?

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಿಮ್ಮ ಗಿಡದ ಹರವು ಎರಡೂವರೆ ಮೀಟರ್ ಅಡ್ಡಗಲ ಇದ್ದರೆ ಅದರ ನೆರಳಿನ ವಿಸ್ತೀರ್ಣ ಸುಮಾರು 5 ಚದರ ಮೀಟರ್. ಒಂದು ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುವ ಕಾಲದಲ್ಲಿ 25 ಲೀಟರ್. ಅದರ ಹತ್ತರಲ್ಲಿ ಎಂಟು ಪಾಲು ಹಿಡಿದರೆ, ಕಾಯಿ ದಪ್ಪವಾಗುವ ಹಂತದ ಒಂದು ಗಿಡಕ್ಕೆ ದಿನಕ್ಕೆ 20 ಲೀಟರ್. ಬಿರುಬೇಸಿಗೆಯಲ್ಲಿ ಇದನ್ನು ಏರಿಸಬೇಕು, ಮೋಡದ ದಿನಗಳಲ್ಲಿ ಇಳಿಸಬೇಕು. ಅಂಗೈಯ ಮಣ್ಣಿನ ಉಂಡೆ ಈ ಲೆಕ್ಕವನ್ನು ತಿದ್ದುತ್ತಿರಲಿ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಒಂದು ಅಡಿ ಮತ್ತು ಎರಡು ಅಡಿ ಆಳಕ್ಕೆ ಮಣ್ಣಿನ ಹದ ಅಳೆಯುವ ಒಂದೊಂದು ಟೆನ್ಸಿಯೋಮೀಟರ್ ನೆಟ್ಟುಕೊಳ್ಳಿ.

ಗಿಡಕ್ಕೆ ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಇದ್ದರೆ ಒಂದೂಕಾಲು ಗಂಟೆ ಬಿಟ್ಟರೆ 20 ಲೀಟರ್ ಆಯಿತು. ಎರಡೇ ಇದ್ದರೆ ಎರಡೂವರೆ ಗಂಟೆ ಬೇಕು. ಡ್ರಿಪ್ಪರ್ ಕಾಂಡದ ಬುಡದಲ್ಲಿದ್ದರೆ ಸರಿಸಿ. ಗಿಡ ಸಣ್ಣದಿದ್ದಾಗ ಅಲ್ಲಿಟ್ಟಿದ್ದನ್ನು ಅನೇಕರು ಹಾಗೆಯೇ ಬಿಟ್ಟಿರುತ್ತಾರೆ. ನೀರು ಹೀರುವ ಎಳೆಬೇರು ಈಗ ನೆರಳಿನ ಅಂಚಿನತ್ತ ಹೋಗಿವೆ.

ಇನ್ನೊಂದು ಪರೀಕ್ಷೆ ಮಾಡಿ. ಲೈನಿನ ಮೊದಲ ಗಿಡ, ನಡುವಿನ ಗಿಡ, ಕೊನೆಯ ಗಿಡದ ಡ್ರಿಪ್ಪರ್ ಕೆಳಗೆ ಒಂದೊಂದು ಲೀಟರ್ ಬಾಟಲಿ ಇಡಿ. 4 ಲೀಟರಿನ ಡ್ರಿಪ್ಪರ್ ಕಾಲು ಗಂಟೆಯಲ್ಲಿ ಬಾಟಲಿ ತುಂಬಿಸಬೇಕು. ಕೊನೆಯಲ್ಲಿ ಅರ್ಧವೇ ತುಂಬಿದರೆ ಆ ಸಾಲು ವರ್ಷವಿಡೀ ಬಾಯಾರಿಕೆಯಲ್ಲೇ ಇದೆ ಎಂದರ್ಥ. ಮಳೆ ಬಂದಾಗ ಮೊದಲು ಒಡೆಯುವುದು ಆ ಸಾಲಿನ ಹಣ್ಣೇ. ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ ತೊಳೆಯಿರಿ, ಫಿಲ್ಟರ್ ಶುಚಿ ಮಾಡಿ.

ನಾಲೆ ನೀರನ್ನು ಹಿಡಿದಿಡುವುದು

ಹದಿನೈದು ಅಡಿಗೆ ಹತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 290 ಗಿಡ. ನಿಮ್ಮ ಎರಡು ಎಕರೆಗೆ ದಿನಕ್ಕೆ 20 ಲೀಟರಿನಂತೆ ಹನ್ನೆರಡು ಸಾವಿರ ಲೀಟರಿಗೆ ಹತ್ತಿರ. ಬಾಯಿ 10 ಮೀಟರಿಗೆ 10 ಮೀಟರ್, ಆಳ 3 ಮೀಟರ್, ಬದಿಗಳು ಇಳಿಜಾರಾಗಿರುವ ಕೃಷಿ ಹೊಂಡದಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಪ್ಲಾಸ್ಟಿಕ್ ಹಾಸಿ ಇಂಗದಂತೆ ಮಾಡಿದರೆ, ಆವಿಯಾಗಿ ಹೋಗುವುದನ್ನು ಕಳೆದರೂ, ನಾಲೆ ನಿಂತ ಹತ್ತು ಹನ್ನೆರಡು ದಿನ ತೋಟ ಒಣಗದು. ಕರೆಂಟಿಗೂ ಇದೇ ಪರಿಹಾರ. ತ್ರೀ ಫೇಸ್ ಬಂದ ಹೊತ್ತಿನಲ್ಲಿ ಬೋರಿನ ನೀರನ್ನು ಹೊಂಡಕ್ಕೆ ತುಂಬಿಸಿಕೊಳ್ಳಿ, ತೋಟಕ್ಕೆ ಬೇಕಾದ ಹೊತ್ತಿನಲ್ಲಿ ಬಿಡಿ.

ನೀರನ್ನು ನಿಮ್ಮ ತೂಬಿನಿಂದ, ನಿಮ್ಮ ಸರದಿಯಲ್ಲೇ ತೆಗೆದುಕೊಳ್ಳಿ. ನಾಲೆಗೆ ಪಂಪು ಇಟ್ಟು ಎತ್ತುವುದು ಅಪರಾಧ, ಕೆಳಗಿನವರಿಗೆ ಅನ್ಯಾಯ ಕೂಡ. ಕೊನೆ ಭಾಗದಲ್ಲಿರುವ ನಿಮಗೆ ಆ ನೋವು ಗೊತ್ತು. ಕಾವೇರಿ ನೀರಾವರಿ ನಿಗಮದ ಎಂಜಿನಿಯರ್ ಕಚೇರಿಯಲ್ಲಿ, ನಿಮ್ಮಲ್ಲಿ ನೀರು ಬಳಕೆದಾರರ ಸಂಘವಿದ್ದರೆ ಅಲ್ಲೂ, ವಿಷಯ ತಿಳಿಸಿಯೇ ಮುಂದುವರಿಯಿರಿ. ನಾಲೆ ನೀರಿನಲ್ಲಿ ಮಣ್ಣು, ಪಾಚಿ ಇರುತ್ತವೆ. ಸ್ಯಾಂಡ್ ಫಿಲ್ಟರ್ ಇಲ್ಲದೆ ಡ್ರಿಪ್ಪಿಗೆ ಬಿಟ್ಟರೆ ಒಂದೇ ಹಂಗಾಮಿಗೆ ಕಟ್ಟಿಕೊಳ್ಳುತ್ತದೆ. ಹೊಂಡಕ್ಕೆ ಮತ್ತು ಡ್ರಿಪ್ ಸಾಮಗ್ರಿಗೆ ಸಹಾಯಧನ ಸಿಗುತ್ತದೆಯೇ ಎಂದು ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆ ಎರಡರಲ್ಲೂ ವಿಚಾರಿಸಿ. ಹೊಂಡದ ಸುತ್ತ ಬೇಲಿ ಹಾಕದೆ ಒಂದು ದಿನವೂ ಬಿಡಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದ ಮಗು ಮೇಲೆ ಹತ್ತಲಾರದು.

ಬುಡದ ಹದ, ಬದಿಯ ಬಸಿ

ಕೆಂಪು ಮರಳು ಮಣ್ಣು ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಅದಕ್ಕೆ ಮುಚ್ಚಿಗೆ ಬೇಕೇಬೇಕು. ನಿಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಕಬ್ಬಿನ ತರಗನ್ನು ಗದ್ದೆಯಲ್ಲೇ ಸುಡುತ್ತಾರೆ, ಅದನ್ನು ತನ್ನಿ. ಮದ್ದೂರಿನ ಎಳನೀರು ಮಾರುಕಟ್ಟೆಯ ಸುತ್ತಮುತ್ತ ಸಿಗುವ ಎಳನೀರು ಬುರುಡೆಯನ್ನು ಸೀಳಿ ಒಣಗಿಸಿ ಹಾಸಬಹುದು. ತೆಂಗಿನ ಮಟ್ಟೆ, ಗರಿ ಏನಾದರೂ ಸರಿ. ಗಿಡದ ನೆರಳಿನಷ್ಟು ಅಗಲಕ್ಕೆ ನಾಲ್ಕು ಬೆರಳು ದಪ್ಪ ಹಾಸಿ, ಕಾಂಡದಿಂದ ಒಂದು ಅಡಿ ಬಿಡಿ, ಗೆದ್ದಲು ಬಂದಿದೆಯೇ ಎಂದು ಆಗಾಗ ನೋಡಿ. ಎರಡು ನೀರಿನ ನಡುವೆ ಮಣ್ಣು ಒಣಗುವ ವೇಗವನ್ನು ಇದು ತಗ್ಗಿಸುತ್ತದೆ.

ನೀವು ಬರೆಯದ ಒಂದು ಸಂಗತಿಯೂ ಇರಬಹುದು. ಪಕ್ಕದವರು ಮೇಲಿನ ಗದ್ದೆಯಲ್ಲಿ ನಾಟಿ ಮಾಡಿದ್ದಾರೆಯೇ? ಹಾಗಿದ್ದರೆ ನೀವು ಒಂದು ಹನಿ ಹಾಯಿಸದಿದ್ದರೂ ಅಲ್ಲಿಂದ ಬಸಿದ ನೀರು ನಿಮ್ಮ ಬೇರಿಗೆ ಬರುತ್ತದೆ. ಗದ್ದೆ ಕಡೆಯ ಸಾಲಿನಲ್ಲಿ ಮೂರು ಅಡಿ ಗುಂಡಿ ತೋಡಿ ಒಂದು ರಾತ್ರಿ ಬಿಟ್ಟು ನೋಡಿ. ತಳದಲ್ಲಿ ನೀರು ನಿಂತರೆ ಆ ಬದುವಿನುದ್ದಕ್ಕೂ ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳದ ಕಡೆಗೆ ತಿರುಗಿಸಿ. ಇಡೀ ತೋಟದಲ್ಲೇ ಹೀಗೆ ನೀರು ನಿಂತು, ಬಸಿದು ಹೋಗಲು ದಾರಿಯೇ ಇಲ್ಲವಾದರೆ ಆ ಜಾಗ ದಾಳಿಂಬೆಗೆ ತಕ್ಕದ್ದಲ್ಲ. ಹಾಗಾದಲ್ಲಿ ಮಾತ್ರ ನಿಮ್ಮ ತಂದೆಯವರು ಹೇಳಿದಂತೆ ಬೇರೆ ಬೆಳೆಗೆ ಹೋಗುವುದೇ ವಿವೇಕ.

ಬಹಾರ ಬದಲಿಸಿ

ಅಂಬೆ ಬಹಾರದ ಹಣ್ಣು ಬಲಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಬೇಸಿಗೆಯಲ್ಲಿ ಬೋರು ಇಳಿದಾಗ ಕಾಯಿ ಬೆಳೆಯುತ್ತದೆ, ನಾಲೆಗೆ ನೀರು ಬಿಡುವ ಹೊತ್ತಿಗೆ ಹಣ್ಣಾಗುತ್ತದೆ. ನಾಲೆ ಬಯಲಿನಲ್ಲಿ ಇದಕ್ಕಿಂತ ಕಷ್ಟದ ಕಾಲವಿಲ್ಲ. ಮೃಗ ಬಹಾರದ ಕಾಯಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಸುರಿಯುವುದು ಆಗಲೇ, ಅಂಗಮಾರಿಗೂ ಅದು ಅನುಕೂಲ. ಹಸ್ತ ಬಹಾರ ಹಿಡಿದರೆ ಹಣ್ಣು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬರುತ್ತದೆ. ಆಗ ಮಳೆ ಕಡಿಮೆ, ನೀರಿನ ಹಿಡಿತ ನಿಮ್ಮ ಕೈಯಲ್ಲೇ ಇರುತ್ತದೆ. ಇದರ ಕಷ್ಟವೆಂದರೆ ಮಳೆಗಾಲದ ಕೊನೆಯಲ್ಲಿ ಗಿಡವನ್ನು ಸರಿಯಾಗಿ ಬಾಡಿಸುವುದು. ಬೇಗ ಬಸಿಯುವ ನಿಮ್ಮ ಕೆಂಪು ಮಣ್ಣಿನಲ್ಲಿ, ಬಸಿಗಾಲುವೆ ಇದ್ದರೆ, ಮಳೆ ಬಿಡುವು ನೋಡಿ ಬಾಡಿಸಬಹುದು. ಕೊಯ್ಲು ಮುಗಿದ ಗಿಡಕ್ಕೆ ಗೊಬ್ಬರ ಕೊಟ್ಟು ಎರಡು ತಿಂಗಳಾದರೂ ವಿಶ್ರಾಂತಿ ಸಿಗಲಿ. ಬಾಡಿಸಿದ ಮೇಲಿನ ಮೊದಲ ನೀರು ಹಗುರಾಗಿರಲಿ, ಒಮ್ಮೆಲೇ ತುಂಬಿಸಿದರೆ ಹೂ ಉದುರುತ್ತದೆ. ದಿನಾಂಕವನ್ನು ತೋಟಗಾರಿಕೆ ಇಲಾಖೆಯವರೊಂದಿಗೆ ಕೂತು ನಿರ್ಧರಿಸಿ.

ಬೋರು ಇಳಿಯುವ ಸೂಚನೆ ಕಂಡರೆ ಕಾಯಿ ಎಳೆಯದಾಗಿರುವಾಗಲೇ ಕೆಲವನ್ನು ಕಿತ್ತು ಗಿಡದ ಹೊರೆ ಇಳಿಸಿ. ನೀರು ಕಡಿಮೆಯಿದ್ದರೆ ದಿನಕ್ಕೆ 10 ಲೀಟರ್ ಕೊಡಿ, ಆದರೆ ದಿನವೂ ಕೊಡಿ. ಏಳು ದಿನದ್ದನ್ನು ಕೂಡಿಟ್ಟು ಒಂದೇ ದಿನ ಕೊಡಬೇಡಿ. ಮಳೆಯ ಮುನ್ಸೂಚನೆಯನ್ನು ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮಳೆ ಬರುತ್ತದೆಂದು ಮುಂಚಿನ ವಾರ ತೋಟ ಒಣಗಿಸಬೇಡಿ. ಹದವಿರುವ ತೋಟದ ಹಣ್ಣು ಮಳೆಯನ್ನು ತಡೆದುಕೊಳ್ಳುತ್ತದೆ.

ಸಾಲದ ವಿಚಾರ ಬರೆದಿದ್ದೀರಿ. ಈಗ ಗಿಡ ಕಿತ್ತರೆ ನಾಲ್ಕು ವರ್ಷ ಹಾಕಿದ ದುಡ್ಡು ಮಣ್ಣಾಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಬ್ಯಾಂಕಿಗೆ ಕಂತಿನ ದಿನ ಬರುವ ಮುಂಚೆಯೇ ಹೋಗಿ ನಷ್ಟವನ್ನು ತಿಳಿಸಿ, ಬೆಳೆ ವಿಮೆ ಮಾಡಿಸಿದ್ದರೆ ಕಾಗದ ತೆಗೆದು ನೋಡಿ. ಮನೆಯವರು ಕೇಳುವ ಒಂದು ವರ್ಷವನ್ನು ತೋಟಕ್ಕೆ ಕೊಡಿ, ಆದರೆ ಲೆಕ್ಕ ಇಟ್ಟು ಕೊಡಿ. ಪ್ರತಿ ಸಾಲಿನಲ್ಲಿ ಒಂದು ಗಿಡಕ್ಕೆ ಗುರುತು ಕಟ್ಟಿ. ಕೊಟ್ಟ ನೀರು, ಬಿದ್ದ ಮಳೆ, ಒಡೆದ ಹಣ್ಣು, ಮಾರಿದ ಹಣ್ಣು ಎಲ್ಲವನ್ನೂ ಒಂದು ಪುಸ್ತಕದಲ್ಲಿ ನಿಮ್ಮ ತಂದೆಯವರ ಕೈಯಲ್ಲೇ ಬರೆಸಿ. ಹೊಂಡ, ಮುಚ್ಚಿಗೆ, ಬಸಿಗಾಲುವೆ ಮೂರನ್ನೂ ಮಾಡಿ, ನೀರನ್ನು ಹದ ತಪ್ಪದಂತೆ ಕೊಟ್ಟ ಮೇಲೂ ಮುಂದಿನ ಕೊಯ್ಲಿನಲ್ಲಿ ಖರ್ಚು ಹುಟ್ಟದಿದ್ದರೆ ಕಬ್ಬಿಗೆ ಹೋಗಿ, ಯಾರೂ ನಿಮ್ಮದು ತಪ್ಪು ಅನ್ನಲಾರರು. ಆದರೆ ಆ ತೀರ್ಮಾನವನ್ನು ಮೂವರೂ ಆ ಪುಸ್ತಕ ಮುಂದಿಟ್ಟುಕೊಂಡು ಮಾಡಿ.